ಎಂಜಲು ಮತ್ತು ಉಸಿರು: ಶ್ವಾಸಕೋಶದ ಸೋಂಕುಗಳನ್ನು ತಡೆಯುವ ಮನೆಯ ನಡವಳಿಕೆಗಳ ಚರಿತ್ರೆಯನ್ನು ಕುರಿತು

1. ಪ್ರವೇಶ

ಮನೆಯಲ್ಲಿ ಒಬ್ಬರಿಗೆ ಬಿಡದ ಕೆಮ್ಮು ಹಿಡಿಯಿತೆಂದರೆ ಅವರ ತಟ್ಟೆ ಲೋಟಗಳನ್ನು ಬೇರೆ ಇಡುವುದು, ತಂಗಾಳಿ ಸೋಕದಿರಲೆಂದು ಅವರು ಮಲಗಿದ ಕೋಣೆಯ ಕಿಟಕಿಯನ್ನು ಮುಚ್ಚುವುದು, ಇವೆರಡೂ ನಮ್ಮ ಮನೆಗಳಲ್ಲಿ ಬಹುಕಾಲದಿಂದ ಜೊತೆಜೊತೆಯಾಗಿ ನಡೆದುಬಂದ ರೂಢಿಗಳು. ಕ್ಷಯರೋಗದ ವಿಷಯದಲ್ಲಿ ಇಂದಿನ ವೈದ್ಯಶಾಸ್ತ್ರ ಹೇಳುವುದು ಇದಕ್ಕೆ ತೀರ ಭಿನ್ನವಾಗಿದೆ. ರೋಗಿಯ ತಟ್ಟೆ ಲೋಟಗಳಿಂದ ಶ್ವಾಸಕೋಶದ ಕ್ಷಯ ಹರಡುವುದಿಲ್ಲ. ಗಾಳಿಯಾಡದ ಕೋಣೆಯಲ್ಲಿ ರೋಗಿಯೊಡನೆ ದಿನಗಟ್ಟಲೆ ಉಸಿರಾಡಿದರೆ ಹರಡುತ್ತದೆ. ಅಂದರೆ ಮನೆಯವರು ಕೈಗೊಂಡ ಮೊದಲನೆಯ ಎಚ್ಚರಿಕೆಯಿಂದ ರೋಗಿಯ ಮನಸ್ಸಿಗೆ ನೋವಾಯಿತೇ ಹೊರತು ಯಾರಿಗೂ ರಕ್ಷಣೆ ಸಿಗಲಿಲ್ಲ. ಎರಡನೆಯ ಎಚ್ಚರಿಕೆಯಿಂದ ರೋಗಕ್ಕೇ ಅನುಕೂಲವಾಯಿತು.

ಎಂಜಲಿನ ಬಗೆಗೆ ಇಷ್ಟು ಜಾಗರೂಕವಾಗಿದ್ದ ಮನೆ ಉಸಿರಿನ ಬಗೆಗೆ ಏಕೆ ಎಚ್ಚರ ವಹಿಸಲಿಲ್ಲ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಇದನ್ನು ಜನಸಾಮಾನ್ಯರ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಆಧುನಿಕ ವೈದ್ಯಶಾಸ್ತ್ರವೂ ಸುಮಾರು ಒಂದು ಶತಮಾನ ಕಾಲ ಇದೇ ಮರೆವಿಗೆ ಒಳಗಾಗಿತ್ತು ಎಂಬುದನ್ನು ಮುಂದೆ ಕಾಣಬಹುದು. ಈ ವಿವೇಚನೆಗೆ ಮುಂಬಯಿ, ಮದರಾಸು ಮತ್ತು ತುಮಕೂರುಗಳಲ್ಲಿ ನಡೆದ ಮೂರು ಪ್ರಸಂಗಗಳನ್ನು ಮುಖ್ಯವಾಗಿ ಆರಿಸಿಕೊಳ್ಳಲಾಗಿದೆ. ಈ ಆಯ್ಕೆಗೆ ಕಾರಣವಿದೆ. 1956ರ ಏಕೀಕರಣಕ್ಕೆ ಮುನ್ನ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೂ ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೂ ಸೇರಿದ್ದವು. ಬಳ್ಳಾರಿಯೂ 1953ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ಆದ್ದರಿಂದ ಆ ಎರಡು ನಗರಗಳ ಆರೋಗ್ಯ ಇಲಾಖೆಗಳ ದಾಖಲೆಗಳು ಕನ್ನಡ ನಾಡಿನ ಬಹುಭಾಗದ ಚರಿತ್ರೆಗೂ ಆಕರಗಳಾಗಿವೆ. ಹೊರನಾಡಿನ ಸಂಶೋಧಕರಿಗೆ ಅವು ಹತ್ತಿರದಲ್ಲಿಯೂ ಇವೆ.

2. ಪದಗಳ ಸಾಕ್ಷ್ಯ

ಮೊದಲು ಭಾಷೆಯನ್ನೇ ಗಮನಿಸೋಣ. ಬಾಯಿಯ ಸಂಪರ್ಕದಿಂದ ಉಂಟಾಗುವ ಅಶುದ್ಧಿಯನ್ನು ಕುರಿತ ಕನ್ನಡದ ಪದಸಂಪತ್ತು ದೊಡ್ಡದು. ತುಟಿಗೆ ತಾಗಿದ್ದು ಎಂಜಲು. ಬೇಯಿಸಿದ ಅನ್ನ ತಾಗಿದ್ದು ಮುಸುರೆ. ಇವುಗಳಿಂದ ದೂರವಿರುವ ಸ್ಥಿತಿ ಮಡಿ. ಇವಕ್ಕೆ ಒಳಗಾದದ್ದು ಮೈಲಿಗೆ. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು, ಉಂಡ ಎಲೆಯನ್ನು ತೆಗೆದ ಮೇಲೆ ಆ ಸ್ಥಳವನ್ನು ಬಳಿಯುವುದು, ಊಟದ ನಂತರ ಬಾಯಿ ಮುಕ್ಕಳಿಸುವುದು, ಇವೆಲ್ಲ ಈ ಪದಗಳ ಸುತ್ತ ಬೆಳೆದ ಆಚಾರಗಳು. ಉಸಿರಿನ ವಿಷಯದಲ್ಲಿ ಇಷ್ಟು ಸೂಕ್ಷ್ಮವಾದ ಪದಸಮೂಹ ನಮ್ಮಲ್ಲಿ ಬೆಳೆಯಲಿಲ್ಲ. ದೇವರ ಮುಂದೆ ಮಾತ್ರ ಉಸಿರಿಗೂ ಎಂಜಲಿನ ಭಾವ ಅಂಟಿಕೊಂಡಿತ್ತು. ಮೂಸಿದ ಹೂವನ್ನು ದೇವರಿಗೆ ಏರಿಸುವಂತಿಲ್ಲ, ದೀಪವನ್ನು ಬಾಯಿಂದ ಊದಿ ಆರಿಸುವಂತಿಲ್ಲ ಎಂಬ ನಿಯಮಗಳು ಇದಕ್ಕೆ ನಿದರ್ಶನ. ದೇವರಿಗೂ ಭಕ್ತನಿಗೂ ನಡುವೆ ಇದ್ದ ಈ ಎಚ್ಚರ ಮನುಷ್ಯ ಮನುಷ್ಯರ ನಡುವಿನ ವ್ಯವಹಾರಕ್ಕೆ ಇಳಿಯಲಿಲ್ಲ.

ಪ್ರಾಚೀನ ವೈದ್ಯಗ್ರಂಥಗಳು ಇಷ್ಟು ಏಕಪಕ್ಷೀಯವಾಗಿರಲಿಲ್ಲವೆಂಬುದು ಗಮನಾರ್ಹ. ಸುಶ್ರುತಸಂಹಿತೆಯ ನಿದಾನಸ್ಥಾನದ ಐದನೆಯ ಅಧ್ಯಾಯದಲ್ಲಿ ಮನುಷ್ಯನಿಂದ ಮನುಷ್ಯನಿಗೆ ದಾಟುವ ರೋಗಗಳ ಪ್ರಸ್ತಾಪವಿದೆ. ಕುಷ್ಠ, ಜ್ವರ, ಕಣ್ಣಿನ ರೋಗಗಳ ಜೊತೆಯಲ್ಲಿ ಶೋಷ, ಅಂದರೆ ದೇಹವನ್ನು ಒಣಗಿಸುವ ಕ್ಷಯವನ್ನೂ ಅಲ್ಲಿ ಹೆಸರಿಸಲಾಗಿದೆ. ಅವು ದಾಟುವ ದಾರಿಗಳ ಪಟ್ಟಿಯಲ್ಲಿ ಮೈಸೋಂಕು, ಸಹಭೋಜನ, ಒಂದೇ ಹಾಸಿಗೆ, ಒಂದೇ ಬಟ್ಟೆ ಇವುಗಳೊಡನೆ ನಿಶ್ವಾಸಕ್ಕೂ ಸ್ಥಾನವಿದೆ. ಚರಕಸಂಹಿತೆಯ ಸೂತ್ರಸ್ಥಾನದ ಎಂಟನೆಯ ಅಧ್ಯಾಯವು ಸದ್ವೃತ್ತವನ್ನು ವಿವರಿಸುವಾಗ ಬಾಯಿ ಮುಚ್ಚಿಕೊಳ್ಳದೆ ಆಕಳಿಸಬಾರದು, ಸೀನಬಾರದು, ನಗಬಾರದು ಎಂದು ವಿಧಿಸುತ್ತದೆ. ಸೀನುವಾಗ ಬಾಯಿಗೆ ಅಡ್ಡ ಹಿಡಿಯಬೇಕೆಂಬ ಇಂದಿನ ಸೂಚನೆಗೆ ಇದು ಸಮೀಪವಾಗಿದೆ.

ಹಾಗೆಂದು ನಮ್ಮ ಹಿರಿಯರಿಗೆ ರೋಗಾಣುಗಳ ವಿಷಯ ಮೊದಲೇ ಗೊತ್ತಿತ್ತೆಂದು ಸಾಧಿಸಹೊರಡುವುದು ಚರಿತ್ರೆಗೆ ಅಪಚಾರ. ಚರಕನ ವಿಧಿ ಶಿಷ್ಟಾಚಾರದ ಪ್ರಕರಣದಲ್ಲಿ ಬರುತ್ತದೆಯೇ ಹೊರತು ರೋಗ ಹರಡುವಿಕೆಯ ಪ್ರಕರಣದಲ್ಲಿ ಅಲ್ಲ. ಮಡಿ ಮೈಲಿಗೆಗಳಾದರೋ ಜಾತಿಯ ಏಣಿಯನ್ನು ಕಾಪಾಡುವ ನಿಯಮಗಳಾಗಿದ್ದವು. ಯಾರ ಎಂಜಲು ಯಾರಿಗೆ ಸಲ್ಲುತ್ತದೆ, ಯಾರ ಎಂಜಲನ್ನು ಯಾರು ಎತ್ತಬೇಕು ಎಂಬುದನ್ನು ಆರೋಗ್ಯವು ನಿರ್ಣಯಿಸುತ್ತಿರಲಿಲ್ಲ. ಇಲ್ಲಿ ನಾವು ಗಮನಿಸಬೇಕಾದುದು ಇಷ್ಟು: ಸುಶ್ರುತನ ಪಟ್ಟಿಯಲ್ಲಿ ಸಹಭೋಜನ, ನಿಶ್ವಾಸ ಎರಡೂ ಇದ್ದವು, ಸಮಾಜವು ತನ್ನ ರಚನೆಗೆ ಒಪ್ಪುವ ಸಹಭೋಜನದ ನಿಷೇಧವನ್ನು ಬಲವಾಗಿ ಹಿಡಿದುಕೊಂಡಿತು, ನಿಶ್ವಾಸವನ್ನು ಕೈಬಿಟ್ಟಿತು.

3. ವೈದ್ಯಶಾಸ್ತ್ರವೂ ಗಾಳಿಯನ್ನು ಕೈಬಿಟ್ಟುದು

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಕೆಟ್ಟ ಗಾಳಿಯೇ ರೋಗಗಳ ಮೂಲವೆಂಬ ನಂಬಿಕೆ ಪ್ರಬಲವಾಗಿತ್ತು. 1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದುದಾಗಿ ಬರ್ಲಿನ್ನಿನಲ್ಲಿ ಪ್ರಕಟಿಸಿದ ಮೇಲೆ ಆ ನಂಬಿಕೆ ಕುಸಿಯತೊಡಗಿತು. 1897ರ ಸುಮಾರಿಗೆ ಕಾರ್ಲ್ ಫ್ಲೂಗ್ಗೆ ಎಂಬ ಜರ್ಮನ್ ವಿದ್ವಾಂಸನು ಮಾತು, ಕೆಮ್ಮು, ಸೀನುಗಳಲ್ಲಿ ಬಾಯಿಂದ ಸಿಡಿಯುವ ತುಂತುರು ಹನಿಗಳಲ್ಲಿ ರೋಗಾಣುಗಳಿರುತ್ತವೆಂದು ತೋರಿಸಿದನು. ಅಮೆರಿಕದ ಆರೋಗ್ಯಾಧಿಕಾರಿ ಚಾರ್ಲ್ಸ್ ಚೇಪಿನ್ 1910ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೋಗಗಳು ಹರಡುವುದು ಮುಖ್ಯವಾಗಿ ಸಂಪರ್ಕದಿಂದ, ಗಾಳಿಯ ಪಾತ್ರ ಅತ್ಯಲ್ಪ ಎಂದು ವಾದಿಸಿದನು. ಗಾಳಿಯ ಭಯವನ್ನು ಬಿಡಿಸಿದ ಹೊರತು ಜನರು ಕೈ ತೊಳೆಯುವುದರತ್ತ ಗಮನ ಕೊಡಲಾರರೆಂಬುದು ಅವನ ಆತಂಕ. ಕಾಲರಾ, ವಿಷಮಶೀತಜ್ವರಗಳಂಥ ರೋಗಗಳ ಮಟ್ಟಿಗೆ ಈ ಒತ್ತು ಹಿತಕರವಾಗಿತ್ತು. ಶ್ವಾಸಕೋಶದ ಸೋಂಕುಗಳ ಮಟ್ಟಿಗೆ ಅದು ವೈದ್ಯಲೋಕವನ್ನು ಬಹುಕಾಲ ದಾರಿತಪ್ಪಿಸಿತು.

ಮುಂಬಯಿಯಲ್ಲಿ ಇದೇ ಅವಧಿಯಲ್ಲಿ ಎರಡು ಪ್ರವೃತ್ತಿಗಳು ಅಕ್ಕಪಕ್ಕದಲ್ಲಿ ಬೆಳೆದವು. ಒಂದು, ಉಗುಳುವುದರ ವಿರುದ್ಧ ಪ್ರಚಾರ. ಇನ್ನೊಂದು, ಮನೆಗಳ ಗಾಳಿ ಬೆಳಕುಗಳ ಚಿಂತನೆ. 1896ರ ಪ್ಲೇಗಿನ ನಂತರ 1898ರಲ್ಲಿ ಸ್ಥಾಪಿತವಾದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಇಕ್ಕಟ್ಟಾದ ವಸತಿಗಳನ್ನು ಕೆಡವಿ ಹೊಸ ಚಾಳುಗಳನ್ನು ಕಟ್ಟುವ ಕೆಲಸವನ್ನು ಕೈಗೆತ್ತಿಕೊಂಡಿತು. ಅದರ ಅಧ್ಯಕ್ಷನಾಗಿದ್ದ ಜೆ. ಪಿ. ಆರ್ ಎಂಬ ಅಧಿಕಾರಿ, ಎದುರುಬದುರಾದ ಕಟ್ಟಡಗಳ ಎತ್ತರಕ್ಕೂ ಅವುಗಳ ನಡುವಿನ ಅಂತರಕ್ಕೂ ನಿಯತವಾದ ಸಂಬಂಧವಿರಬೇಕೆಂದು ಪಟ್ಟುಹಿಡಿದು, ನೆಲಮಟ್ಟದ ಕೋಣೆಗೂ ಆಕಾಶದ ಬೆಳಕು ತಲುಪುವಂತೆ ಅರವತ್ತಮೂರೂವರೆ ಅಂಶದ ಕೋನವನ್ನು ನಿಯಮವಾಗಿ ಪ್ರತಿಪಾದಿಸಿದನು. ಆದರೆ ಟ್ರಸ್ಟು ಕೆಡವಿದ ವೇಗದಲ್ಲಿ ಕಟ್ಟಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ನಗರದ ಬಹುಪಾಲು ಜನ ಒಂದೇ ಕೋಣೆಯ ಮನೆಗಳಲ್ಲಿ ಬದುಕುತ್ತಿದ್ದರು. ಗಿರಣಿ, ಬಂದರು, ಹೋಟೆಲುಗಳ ಕೆಲಸಕ್ಕೆ ಬಂದ ಕನ್ನಡ, ತುಳು, ಕೊಂಕಣಿ ಭಾಷಿಕರ ಪಾಡೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಒಂದು ಕೋಣೆಯಲ್ಲಿ ಹಲವರು ಸರದಿಯಂತೆ ಮಲಗುವುದು, ಹೋಟೆಲಿನ ಹುಡುಗರು ರಾತ್ರಿ ಬಾಗಿಲೆಳೆದ ಮೇಲೆ ಅಲ್ಲಿಯೇ ಹಾಸಿಕೊಳ್ಳುವುದು ಸಾಮಾನ್ಯವಾಗಿತ್ತು. ಇಂಥ ಕಡೆ ಕಿಟಕಿ ತೆರೆದಿಡಿ ಎಂಬ ಉಪದೇಶಕ್ಕೆ ಅರ್ಥ ಬರಬೇಕಾದರೆ ಮೊದಲು ಕಿಟಕಿ ಇರಬೇಕಾಗಿತ್ತು.

4. 1918ರ ಮುಂಬಯಿ

1918ರ ಜೂನ್ 10ರಂದು ಮುಂಬಯಿಯ ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು. ಅವರಲ್ಲಿ ಒಬ್ಬನು ಬಂದರಿನ ಕಾವಲಿನವನು. ಭಾರತದಲ್ಲಿ ಇನ್‌ಫ್ಲುಯೆಂಜಾ ಮಹಾಮಾರಿಯ ಚರಿತ್ರೆಯನ್ನು ಸಾಮಾನ್ಯವಾಗಿ ಇಲ್ಲಿಂದ ಆರಂಭಿಸುತ್ತಾರೆ. ಮೊದಲ ಅಲೆ ಸೌಮ್ಯವಾಗಿತ್ತು. ಸೆಪ್ಟೆಂಬರಿನಲ್ಲಿ ಎದ್ದ ಎರಡನೆಯ ಅಲೆ ಅಕ್ಟೋಬರ್ 6ರಂದು ಮುಂಬಯಿ ನಗರವೊಂದರಲ್ಲಿಯೇ 768 ಜನರನ್ನು ಬಲಿ ತೆಗೆದುಕೊಂಡಿತು. ರೈಲುದಾರಿಗಳನ್ನು ಹಿಡಿದು ಅದು ಮಳೆ ಕೈಕೊಟ್ಟು ಕಂಗೆಟ್ಟಿದ್ದ ದಖ್ಖನಿನ ಜಿಲ್ಲೆಗಳಿಗೂ ನುಗ್ಗಿತು. ದೇಶದಲ್ಲಿ ಸತ್ತವರ ಸಂಖ್ಯೆಯನ್ನು ವಿದ್ವಾಂಸರು ಒಂದು ಕೋಟಿ ಇಪ್ಪತ್ತು ಲಕ್ಷದಿಂದ ಎರಡು ಕೋಟಿಯವರೆಗೆ ಅಂದಾಜು ಮಾಡಿದ್ದಾರೆ. 1911ರಿಂದ 1921ರ ದಶಕದಲ್ಲಿ ಭಾರತದ ಜನಸಂಖ್ಯೆ ಏರುವ ಬದಲು ಇಳಿಯಿತು.

ಮುಂಬಯಿ ನಗರದ ಸಾವಿನ ಅಂಕಿಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಸಾವಿರ ಜನಕ್ಕೆ ಇನ್‌ಫ್ಲುಯೆಂಜಾದಿಂದ ಸತ್ತವರ ಪ್ರಮಾಣ ಯೂರೋಪಿಯನ್ನರಲ್ಲಿ 8.3, ಪಾರ್ಸಿಗಳಲ್ಲಿ 9, ಮುಸಲ್ಮಾನರಲ್ಲಿ 19.2, ಸವರ್ಣ ಹಿಂದೂಗಳಲ್ಲಿ 18.9 ಇದ್ದರೆ, ಅಂದಿನ ದಾಖಲೆಗಳು ಕೆಳಜಾತಿಯ ಹಿಂದೂಗಳೆಂದು ಹೆಸರಿಸಿದ ಸಮುದಾಯಗಳಲ್ಲಿ 61.6 ಇತ್ತು. ಒಂದೇ ನಗರ, ಒಂದೇ ರೋಗ. ಸಾವಿನಲ್ಲಿ ಏಳು ಪಟ್ಟಿಗೂ ಹೆಚ್ಚಿನ ಅಂತರ. ಮಡಿಯ ಆಚರಣೆ ಎಷ್ಟಿತ್ತೆಂಬುದರಿಂದ ಈ ಅಂತರವನ್ನು ವಿವರಿಸಲಾಗದು. ಪಾರ್ಸಿಗಳಿಗೂ ಯೂರೋಪಿಯನ್ನರಿಗೂ ಇದ್ದುದು ವಿಶಾಲವಾದ ಮನೆ, ಹೊಟ್ಟೆ ತುಂಬ ಆಹಾರ, ಶುಶ್ರೂಷೆಯ ಅನುಕೂಲ. ಉಳಿದವರಿಗೆ ಇಲ್ಲದಿದ್ದುದೂ ಅವೇ.

ಇನ್ನೊಂದು ಸಂಗತಿಯೂ ದಾಖಲೆಗಳಲ್ಲಿ ಎದ್ದು ಕಾಣುತ್ತದೆ. ಇಪ್ಪತ್ತರಿಂದ ನಲವತ್ತರ ವಯಸ್ಸಿನವರು ಹೆಚ್ಚಾಗಿ ಸತ್ತರು. ಅವರಲ್ಲಿಯೂ ಹೆಂಗಸರ ಪ್ರಮಾಣ ಗಂಡಸರಿಗಿಂತ ಅಧಿಕವಾಗಿತ್ತು. ದಿನದ ಬಹುಭಾಗವನ್ನು ಮನೆಯೊಳಗೆ ಕಳೆಯುವವರು, ತಾವು ಮಲಗಿದ್ದರೂ ಎದ್ದು ರೋಗಿಗಳ ಆರೈಕೆ ಮಾಡುವವರು, ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವವರು ಹೆಂಗಸರೇ ಎಂಬುದನ್ನು ಅಂದಿನ ಅಧಿಕಾರಿಗಳೂ ಇಂದಿನ ಚರಿತ್ರಕಾರರೂ ಕಾರಣವಾಗಿ ಸೂಚಿಸಿದ್ದಾರೆ. ಮನೆಯ ನಡವಳಿಕೆಗಳೆಂದಾಗ ಅವುಗಳ ಭಾರವನ್ನು ಹೊರುವವರು ಯಾರೆಂಬ ಪ್ರಶ್ನೆಯನ್ನೂ ಜೊತೆಗೇ ಕೇಳಬೇಕಾಗುತ್ತದೆ.

ಆಗ ಈ ರೋಗದ ಕಾರಣವೇ ತಿಳಿದಿರಲಿಲ್ಲ. ಫೈಫರ್ ಎಂಬಾತ ಹೆಸರಿಸಿದ್ದ ಒಂದು ಬ್ಯಾಕ್ಟೀರಿಯವನ್ನು ಹಲವರು ಕಾರಣವೆಂದು ನಂಬಿದ್ದರು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಬೇರ್ಪಡಿಸಿದ್ದು 1933ರಲ್ಲಿ, ಇಂಗ್ಲೆಂಡಿನಲ್ಲಿ. ಆದರೂ ಗುಂಪುಗೂಡಬೇಡಿ, ಗಾಳಿಯಾಡುವ ಕಡೆ ಮಲಗಿರಿ ಎಂಬ ಸಲಹೆಗಳು ಆಗಲೇ ಕೇಳಿಬಂದಿದ್ದವು. ಕಾರಣ ತಿಳಿಯದಿದ್ದರೂ ಸಲಹೆ ಸರಿಯಾಗಿತ್ತು. ಅದನ್ನು ಪಾಲಿಸಲು ಸ್ಥಳವಿದ್ದವರು ಮಾತ್ರ ಪಾಲಿಸಿದರು.

5. ಮನೆಯಿಂದ ರೋಗಿಯನ್ನು ಹೊರಗೆ ಕಳಿಸಿದ ಕಾಲ

ಕ್ಷಯದ ವಿಷಯದಲ್ಲಿ ಇಪ್ಪತ್ತನೆಯ ಶತಮಾನದ ಮೊದಲರ್ಧವನ್ನು ಆರೋಗ್ಯಧಾಮಗಳ ಕಾಲವೆಂದು ಕರೆಯಬಹುದು. ಶುದ್ಧವಾದ ಗಾಳಿ, ವಿಶ್ರಾಂತಿ, ಪುಷ್ಟಿಕರವಾದ ಆಹಾರ ಇವುಗಳಿಂದ ರೋಗಿ ಚೇತರಿಸಿಕೊಳ್ಳುವನೆಂಬ ಭರವಸೆಯ ಮೇಲೆ ರಾಜಸ್ಥಾನದ ತಿಲೋನಿಯಾ, ಹಿಮಾಲಯದ ತಪ್ಪಲಿನ ಭೊವಾಲಿ, ಆಂಧ್ರದ ಮದನಪಲ್ಲಿ ಮುಂತಾದೆಡೆ ಆರೋಗ್ಯಧಾಮಗಳು ಎದ್ದವು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆರೋಗ್ಯಧಾಮ 1921ರಲ್ಲಿ ಆರಂಭವಾಯಿತು; ಅರಮನೆಗೂ ಈ ರೋಗ ಹೊಸತಾಗಿರಲಿಲ್ಲ. ಮದರಾಸಿನ ಹತ್ತಿರದ ತಾಂಬರಂನಲ್ಲಿ ಡಾ. ಚೌರಿ ಮುತ್ತು 1928ರಲ್ಲಿ ಒಂದನ್ನು ತೆರೆದರು.

ಈ ಸಂಸ್ಥೆಗಳು ತೆರೆದ ಕಿಟಕಿಯ ಮಹತ್ವವನ್ನೂ ಕಫವನ್ನು ಮುಚ್ಚಳವಿರುವ ಪಾತ್ರೆಯಲ್ಲಿಯೇ ಉಗುಳುವ ಶಿಸ್ತನ್ನೂ ಕಲಿಸಿದವು. ಅದರ ಜೊತೆಗೆ ಮನೆಯೇ ರೋಗದ ತಾಣ, ರೋಗಿಯನ್ನು ಅಲ್ಲಿಂದ ತೆಗೆದರೆ ಮಾತ್ರ ಇಬ್ಬರಿಗೂ ಕ್ಷೇಮ ಎಂಬ ಭಾವನೆಯನ್ನೂ ಬಲಪಡಿಸಿದವು. ಸ್ವಾತಂತ್ರ್ಯಾನಂತರ ಈ ಭಾವನೆಯೇ ದೊಡ್ಡ ತೊಡಕಾಯಿತು. 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ ಈ ರೋಗ ನಗರಗಳಲ್ಲಿರುವಷ್ಟೇ ಹಳ್ಳಿಗಳಲ್ಲಿಯೂ ಇದೆಯೆಂದು ತಿಳಿಯಿತು. ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಸಾವಿರಗಳ ಲೆಕ್ಕದಲ್ಲಿ. ಹಾಸಿಗೆ ಸಿಗುವವರೆಗೆ ರೋಗಿ ಕಾಯಬೇಕೇ, ಮನೆಯಲ್ಲಿಯೇ ಔಷಧ ಕೊಟ್ಟರೆ ಮನೆಯವರ ಗತಿಯೇನು ಎಂಬುದು ಅಂದಿನ ಜ್ವಲಂತ ಪ್ರಶ್ನೆ.

6. ಮದರಾಸಿನ ಉತ್ತರ

1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಳಿ ಕೂಡಿ ಮದರಾಸಿನ ಚೇಟ್‌ಪಟ್‌ನಲ್ಲಿ ಕ್ಷಯದ ಔಷಧೋಪಚಾರ ಕೇಂದ್ರವೊಂದನ್ನು ಸ್ಥಾಪಿಸಿದವು. ಡಾ. ವಾಲೆಸ್ ಫಾಕ್ಸ್ ಅದರ ಮೊದಲ ವರ್ಷಗಳ ಮುಖ್ಯಸ್ಥರು. ನಗರದ ಬಡ ಬಡಾವಣೆಗಳ 193 ಮಂದಿ ರೋಗಿಗಳನ್ನು ಯಾರ ಇಚ್ಛೆಯೂ ಪ್ರಭಾವ ಬೀರದಂತೆ, ಚೀಟಿ ಎತ್ತಿದ ಹಾಗೆ, ಎರಡು ಗುಂಪಾಗಿ ವಿಂಗಡಿಸಲಾಯಿತು. ಒಂದು ಗುಂಪು ಒಂದು ವರ್ಷ ಆರೋಗ್ಯಧಾಮದಲ್ಲಿರಬೇಕು. ಇನ್ನೊಂದು ಗುಂಪು ತಮ್ಮ ಮನೆಗಳಲ್ಲಿಯೇ ಇರಬೇಕು. ಇಬ್ಬರಿಗೂ ಐಸೊನಿಯಾಜಿಡ್ ಮತ್ತು ಪಿ.ಎ.ಎಸ್. ಎಂಬ ಎರಡು ಔಷಧಗಳು ಮಾತ್ರ. ಆರೋಗ್ಯಧಾಮದವರಿಗೆ ಒಳ್ಳೆಯ ಊಟ, ವಿಶ್ರಾಂತಿ, ದಾದಿಯರ ನೋಟ ದೊರಕಿತು. ಮನೆಯವರಿಗೆ ಹಳೆಯ ಇಕ್ಕಟ್ಟು, ಹಳೆಯ ಅರೆಹೊಟ್ಟೆ, ಹಳೆಯ ದುಡಿಮೆ ತಪ್ಪಲಿಲ್ಲ.

1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನು ಬೆರಗುಗೊಳಿಸಿತು. ವರ್ಷದ ಕೊನೆಗೆ ಆರೋಗ್ಯಧಾಮದವರಲ್ಲಿ ಶೇಕಡ 92, ಮನೆಯಲ್ಲಿದ್ದವರಲ್ಲಿ ಶೇಕಡ 86 ಮಂದಿಯ ರೋಗ ಶಮನಗೊಂಡಿತ್ತು. ಐದು ವರ್ಷ ಅನುಸರಿಸಿ ನೋಡಿದಾಗ ಎರಡು ಗುಂಪುಗಳ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ.

ನಮ್ಮ ವಿಷಯಕ್ಕೆ ಇದಕ್ಕಿಂತಲೂ ಮುಖ್ಯವಾದದ್ದು ಇದರ ಜೊತೆಯಲ್ಲಿ ನಡೆದ ಇನ್ನೊಂದು ಪರಿಶೀಲನೆ. ರೋಗಿಗಳೊಡನೆ ಒಂದೇ ಸೂರಿನಡಿ ಬದುಕುತ್ತಿದ್ದ ಮಕ್ಕಳು, ಸಂಗಾತಿಗಳು, ಹಿರಿಯರು ಇವರನ್ನು ಐದು ವರ್ಷಗಳವರೆಗೆ ಮತ್ತೆ ಮತ್ತೆ ಪರೀಕ್ಷಿಸಲಾಯಿತು. ರೋಗಿಯನ್ನು ಮನೆಯಲ್ಲಿಯೇ ಇರಿಸಿಕೊಂಡ ಕುಟುಂಬಗಳಲ್ಲಿ, ರೋಗಿಯನ್ನು ದೂರ ಕಳಿಸಿದ ಕುಟುಂಬಗಳಿಗಿಂತ ಹೆಚ್ಚು ಜನರಿಗೆ ಕ್ಷಯ ತಗಲಲಿಲ್ಲ. 1960 ಮತ್ತು 1966ರಲ್ಲಿ ಈ ಫಲಿತಾಂಶಗಳು ಪ್ರಕಟವಾದವು. ಇದಕ್ಕೆ ಎರಡು ಕಾರಣಗಳನ್ನು ಕೊಡಬಹುದು. ಔಷಧ ಆರಂಭವಾದ ಮೇಲೆ ರೋಗಿಯ ಸೋಂಕು ಹರಡುವ ಶಕ್ತಿ ಬೇಗನೆ ಕುಗ್ಗುತ್ತದೆ. ಮನೆಯವರಿಗೆ ತಗಲಬೇಕಾದ ಸೋಂಕಿನ ಬಹುಪಾಲು ರೋಗನಿರ್ಣಯಕ್ಕೆ ಮುಂಚೆಯೇ, ಕೆಮ್ಮನ್ನು ಯಾರೂ ಗಂಭೀರವಾಗಿ ಎಣಿಸದ ತಿಂಗಳುಗಳಲ್ಲಿ, ತಗಲಿ ಹೋಗಿರುತ್ತದೆ. ಹೀಗಾಗಿ ರೋಗದ ಹೆಸರು ಕೇಳಿದ ದಿನದಿಂದ ತಟ್ಟೆ ಲೋಟ ಬೇರೆ ಮಾಡುವ ರೂಢಿ ತಪ್ಪು ವಸ್ತುವಿನ ಮೇಲೆ, ಸಮಯ ಮೀರಿದ ಮೇಲೆ, ತೋರಿದ ಎಚ್ಚರವೆನಿಸುತ್ತದೆ.

ಮದರಾಸಿನಲ್ಲಿ ಈ ಕೆಲಸ ಸಾಗುತ್ತಿದ್ದ ಅವಧಿಯಲ್ಲಿಯೇ ಅಮೆರಿಕದ ಬಾಲ್ಟಿಮೋರಿನಲ್ಲಿ ಗಾಳಿಯ ಪಾತ್ರವೂ ಸಿದ್ಧವಾಯಿತು. ತುಂತುರಿನ ಹನಿಗಳು ಆರಿ ಅತಿ ಸೂಕ್ಷ್ಮ ಕಣಗಳಾಗಿ ಬಹಳ ಹೊತ್ತು ಗಾಳಿಯಲ್ಲಿ ತೇಲುತ್ತವೆಂದು ವಿಲಿಯಂ ವೆಲ್ಸ್ 1934ರಲ್ಲಿಯೇ ಪ್ರತಿಪಾದಿಸಿದ್ದನು. ಅವನೂ ರಿಚರ್ಡ್ ರೈಲಿಯೂ ಕೂಡಿ ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಗಳ ಮೂಲಕ ಮಾಳಿಗೆಯ ಮೇಲಿನ ಗಿನಿಯಿಲಿಗಳ ಗೂಡಿಗೆ ಹರಿಯಿಸಿದರು. ರೋಗಿಗಳನ್ನು ಎಂದೂ ಕಾಣದ, ಮುಟ್ಟದ ಆ ಪ್ರಾಣಿಗಳಿಗೆ ಕ್ಷಯ ತಗಲಿತು. ನೇರಳಾತೀತ ಕಿರಣಗಳನ್ನು ಹಾಯಿಸಿದ ಗಾಳಿಯನ್ನು ಪಡೆದ ಇನ್ನೊಂದು ಗೂಡಿನ ಪ್ರಾಣಿಗಳಿಗೆ ತಗಲಲಿಲ್ಲ. ಸುಶ್ರುತನ ಪಟ್ಟಿಯ ನಿಶ್ವಾಸಕ್ಕೆ ಪ್ರಯೋಗದ ಆಧಾರ ದೊರೆತದ್ದು ಹೀಗೆ.

7. ತುಮಕೂರಿನ ಪಾಠ

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ಪ್ರಧಾನಿ ನೆಹರೂ ಅವರು 1960ರ ಸೆಪ್ಟೆಂಬರ್ 16ರಂದು ಉದ್ಘಾಟಿಸಿದರು. ಆ ಸಂಸ್ಥೆಯ ಆರಂಭದ ಅಧ್ಯಯನಗಳಲ್ಲಿ ಡೆಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಸಮಾಜಶಾಸ್ತ್ರೀಯ ಸಮೀಕ್ಷೆಗೆ ವಿಶೇಷ ಸ್ಥಾನವಿದೆ. ಹಳ್ಳಿಯ ಜನ ರೋಗವನ್ನು ಗುರುತಿಸಲಾರರು, ತಾವಾಗಿ ಆಸ್ಪತ್ರೆಗೆ ಬರಲಾರರು ಎಂಬುದು ಆವರೆಗಿನ ಗ್ರಹಿಕೆ. ಸಮೀಕ್ಷೆಯ ಫಲಿತಾಂಶ ಬೇರೆಯಾಗಿತ್ತು. ರೋಗವಿದ್ದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಚಿಕಿತ್ಸೆಗಾಗಿ ಆಗಲೇ ಹೊರಟಿದ್ದರು. ಸರ್ಕಾರಿ ಚಿಕಿತ್ಸಾಲಯಗಳಿಗೆ ಹೋದವರಲ್ಲಿ ಅನೇಕರು ಕಫ ಪರೀಕ್ಷೆಯಿಲ್ಲದೆ ಬರಿಯ ಕೆಮ್ಮಿನ ಔಷಧದ ಸೀಸೆಯೊಡನೆ ಹಿಂದಿರುಗಿದ್ದರು.

ಈ ಸಮೀಕ್ಷೆಯ ಅರ್ಥವ್ಯಾಪ್ತಿ ದೊಡ್ಡದು. ಎರಡು ವಾರ ಮೀರಿದ ಕೆಮ್ಮನ್ನು ಮುಚ್ಚಿಡದೆ ಪರೀಕ್ಷೆಗೆ ಹೋಗುವುದು ಮನೆಯನ್ನು ಕಾಯುವ ನಡವಳಿಕೆಗಳಲ್ಲಿ ಮೊದಲನೆಯದೆಂದು ಮದರಾಸಿನ ಅಧ್ಯಯನದಿಂದ ಸಿದ್ಧವಾಗುತ್ತದೆ. ಮನೆ ಆ ಕರ್ತವ್ಯವನ್ನು ಮಾಡಲು ಸಿದ್ಧವಾಗಿತ್ತೆಂದು ತುಮಕೂರು ಹೇಳುತ್ತದೆ. ತಪ್ಪಿದ್ದು ಚಿಕಿತ್ಸಾಲಯದ ಕಡೆಯಲ್ಲಿ. ಕೆಮ್ಮನ್ನು ಮುಚ್ಚಿಡುವಂತೆ ಮಾಡುವ ಮುಖ್ಯ ಕಾರಣಗಳಲ್ಲಿ ಒಂದು ಬೇರೆ ತಟ್ಟೆಯ ಭಯ. ಮದುವೆಯಾಗಬೇಕಾದ ಹೆಣ್ಣುಮಕ್ಕಳೂ ಗಂಡನ ಮನೆಯಲ್ಲಿರುವ ಸೊಸೆಯಂದಿರೂ ಈ ಭಯಕ್ಕೆ ಹೆಚ್ಚು ಒಳಗಾಗುತ್ತಾರೆ. ಬೇರೆ ತಟ್ಟೆಯ ರೂಢಿ ನಿಷ್ಪ್ರಯೋಜಕವೆಂದಷ್ಟೇ ಹೇಳಿ ಬಿಡುವಂತಿಲ್ಲ. ರೋಗವನ್ನು ಅಡಗಿಸಿಡಲು ಪ್ರೇರೇಪಿಸಿ ಅದು ಮನೆಯವರೆಲ್ಲರಿಗೂ ಅಪಾಯವನ್ನು ತರುತ್ತದೆ.

8. ಒಲೆ, ಅನ್ನ, ನೀರು

ಗಾಳಿಯ ಮಾತು ಬಂದಾಗ ಅಡುಗೆಮನೆಯನ್ನು ಬಿಡುವಂತಿಲ್ಲ. ಸೌದೆ, ಬೆರಣಿಗಳ ಹೊಗೆ ಉಸಿರುನಾಳದ ಸಹಜವಾದ ರಕ್ಷಣೆಯನ್ನು ಕುಂದಿಸಿ, ಎಳೆಯ ಮಕ್ಕಳಲ್ಲಿ ನ್ಯುಮೋನಿಯಾಕ್ಕೆ ದಾರಿಮಾಡುತ್ತದೆ. ಕರ್ಕ್ ಸ್ಮಿತ್ ಮತ್ತು ಅವರ ಸಂಗಡಿಗರು ಗುಜರಾತಿನ ಹಳ್ಳಿಗಳ ಅಡುಗೆಮನೆಗಳಲ್ಲಿ ಹೊಗೆಯ ಪ್ರಮಾಣವನ್ನು ಅಳೆದು 1983ರಲ್ಲಿ ಪ್ರಕಟಿಸಿದ ಮೇಲೆ ಈ ವಿಷಯ ವಿಶ್ವದ ಗಮನಕ್ಕೆ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ ಹೊಗೆಕೊಳವೆಯುಳ್ಳ ಮೂರು ಪಾತ್ರೆಗಳ ಒಲೆಯನ್ನು ರೂಪಿಸಿತು. ಅಸ್ತ್ರ ಒಲೆಯೆಂಬ ಹೆಸರು ಕರ್ನಾಟಕದ ಹಳ್ಳಿಗಳಲ್ಲಿ ಮನೆಮಾತಾಯಿತು. 2016ರಿಂದ ಕೇಂದ್ರದ ಉಜ್ವಲಾ ಯೋಜನೆ ಅನಿಲದ ಒಲೆಗಳನ್ನು ಹಳ್ಳಿಗಳಿಗೆ ಮುಟ್ಟಿಸಿತು. ಮನೆಯೊಳಗಿನ ಬೀಡಿ ಸಿಗರೇಟುಗಳ ಹೊಗೆಗೂ ಮೇಲಿನ ಮಾತೇ ಅನ್ವಯಿಸುತ್ತದೆ.

ಆಹಾರದ ಪಾತ್ರವನ್ನು ಇತ್ತೀಚಿನ ಅಧ್ಯಯನವೊಂದು ಸ್ಪಷ್ಟಪಡಿಸಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಅವರ ಸಂಗಡಿಗರು ಜಾರ್ಖಂಡಿನಲ್ಲಿ 2019ರಿಂದ 2022ರವರೆಗೆ ನಡೆಸಿದ ಪ್ರಯೋಗದಲ್ಲಿ 2,800 ರೋಗಿಗಳ ಮನೆಗಳ 10,345 ಮಂದಿ ಪಾಲ್ಗೊಂಡರು. ಔಷಧ ಪಡೆಯುತ್ತಿದ್ದ ಎಲ್ಲ ರೋಗಿಗಳಿಗೂ ಆಹಾರದ ಪೊಟ್ಟಣ ದೊರೆಯಿತು. ಒಂದು ಗುಂಪಿನಲ್ಲಿ ಮನೆಯ ಉಳಿದವರಿಗೂ ಪ್ರತಿ ತಿಂಗಳು ತಲೆಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಜೀವಸತ್ವಗಳನ್ನು ಕೊಡಲಾಯಿತು. ಆ ಗುಂಪಿನಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇಕಡ 39ರಷ್ಟು, ಅದರಲ್ಲಿಯೂ ಇತರರಿಗೆ ಹರಡಬಲ್ಲ ಕ್ಷಯ ಶೇಕಡ 48ರಷ್ಟು ಕಡಿಮೆಯಾಯಿತು. 2023ರಲ್ಲಿ ಇದು ಪ್ರಕಟವಾಯಿತು. ಬೇರೆ ತಟ್ಟೆಯಿಂದ ಆಗದ ಕೆಲಸ ತುಂಬಿದ ತಟ್ಟೆಯಿಂದ ಆಯಿತು.

ಕೈ ತೊಳೆಯುವುದನ್ನು ಇಲ್ಲಿ ಅಲ್ಲಗಳೆಯುತ್ತಿಲ್ಲ. ಶ್ವಾಸಕೋಶದ ಸೋಂಕುಗಳೆಲ್ಲ ಒಂದೇ ಬಗೆಯಲ್ಲಿ ಹರಡುವುದಿಲ್ಲ. ನೆಗಡಿಯ ಕೆಲವು ವೈರಸ್ಸುಗಳು ಕೈಯಿಂದ ಮೂಗು ಕಣ್ಣುಗಳಿಗೆ ದಾಟಬಲ್ಲವು. ಕರಾಚಿಯ ಬಡ ಬಡಾವಣೆಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೋಪು ಹಚ್ಚಿ ಕೈ ತೊಳೆಯುವುದನ್ನು ರೂಢಿಸಿಕೊಂಡ ಮನೆಗಳ ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಅರ್ಧದಷ್ಟು ಇಳಿಯಿತು. ಕೈಯ ಶುದ್ಧಿಗೂ ಗಾಳಿಯ ಶುದ್ಧಿಗೂ ತಮ್ಮ ತಮ್ಮ ಸ್ಥಾನಗಳಿವೆ.

9. 2020ರಲ್ಲಿ ಮರುಕಳಿಸಿದ ಮರೆವು

ಕೋವಿಡ್ ಹಬ್ಬಿದಾಗ ಈ ಚರಿತ್ರೆ ಮತ್ತೊಮ್ಮೆ ನಮ್ಮ ಕಣ್ಣೆದುರು ನಡೆಯಿತು. 2020ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಈ ರೋಗ ಗಾಳಿಯಿಂದ ಹರಡುವುದಿಲ್ಲವೆಂದು ಸಾರಿತ್ತು. ಮನೆಮನೆಗಳಲ್ಲಿ ತರಕಾರಿಯನ್ನು ಸೋಪಿನ ನೀರಿನಲ್ಲಿ ಅದ್ದುವುದು, ಹಾಲಿನ ಪೊಟ್ಟಣ ತೊಳೆಯುವುದು, ಬಾಗಿಲ ಚಿಲಕ ಒರೆಸುವುದು ನಡೆಯಿತು. ರೋಗಿಯಿದ್ದ ಕೋಣೆಯ ಕಿಟಕಿ ಎಷ್ಟೋ ಕಡೆ ಮುಚ್ಚಿಯೇ ಇತ್ತು. ವಾಯುವಿಜ್ಞಾನಿಗಳ ಒತ್ತಾಯದ ನಂತರ 2021ರ ಕೊನೆಯ ವೇಳೆಗೆ ಆ ಸಂಸ್ಥೆ ತನ್ನ ನಿಲುವನ್ನು ತಿದ್ದಿಕೊಂಡಿತು. 2024ರ ಏಪ್ರಿಲಿನಲ್ಲಿ ಹನಿ ಮತ್ತು ಕಣಗಳ ಹಳೆಯ ಗೆರೆಯನ್ನು ಅಳಿಸಿ, ಉಸಿರಿನೊಡನೆ ಹೊರಬರುವ ಸೋಂಕುಕಣಗಳೆಲ್ಲವನ್ನೂ ಒಂದೇ ಹೆಸರಿನಲ್ಲಿ ಗುರುತಿಸುವ ಪರಿಭಾಷೆಯನ್ನು ಪ್ರಕಟಿಸಿತು. ಚೇಪಿನ್ನನ ಗ್ರಂಥದಿಂದ ಇಲ್ಲಿಗೆ ನೂರಹದಿನಾಲ್ಕು ವರ್ಷಗಳು ಸಂದಿದ್ದವು.

10. ಸಮಾಪ್ತಿ

ಇಷ್ಟು ವಿವೇಚನೆಯಿಂದ ಮನೆಯ ನಡವಳಿಕೆಗಳನ್ನು ಆಧಾರಗಳ ಬಲಕ್ಕೆ ಅನುಗುಣವಾಗಿ ಜೋಡಿಸಿಕೊಳ್ಳಬಹುದು. ಎರಡು ವಾರ ಮೀರಿದ ಕೆಮ್ಮಿಗೆ ಪರೀಕ್ಷೆ ಮಾಡಿಸುವುದು, ಆರಂಭಿಸಿದ ಔಷಧವನ್ನು ನಡುವೆ ಬಿಡದಿರುವುದು. ಹಗಲೆಲ್ಲ, ಸಾಧ್ಯವಾದರೆ ಇರುಳೂ, ಎದುರುಬದುರು ಕಿಟಕಿಗಳನ್ನು ತೆರೆದಿಡುವುದು. ಕೆಮ್ಮುವಾಗ ಸೀನುವಾಗ ಬಟ್ಟೆಯನ್ನೋ ಮೊಳಕೈಯ ಮಡಿಕೆಯನ್ನೋ ಅಡ್ಡ ಹಿಡಿಯುವುದು, ಸೋಂಕಿರುವವರು ಇತರರೊಡನೆ ಕೋಣೆಯಲ್ಲಿರುವಾಗ ಮುಖಗವಸು ತೊಡುವುದು. ಅಡುಗೆಮನೆಯ ಹೊಗೆಗೆ ಹೊರದಾರಿ ಮಾಡುವುದು. ಮನೆಯ ಪ್ರತಿಯೊಬ್ಬರೂ, ಕೊನೆಯಲ್ಲಿ ಉಣ್ಣುವವರೂ, ಹೊಟ್ಟೆ ತುಂಬ ಉಣ್ಣುವಂತೆ ನೋಡಿಕೊಳ್ಳುವುದು. ಸೋಪು ಹಚ್ಚಿ ಕೈ ತೊಳೆಯುವುದು. ಕ್ಷಯರೋಗಿಗೆ ಬೇರೆ ತಟ್ಟೆ ಇಡುವುದಕ್ಕೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ಈ ನಡವಳಿಕೆಗಳಲ್ಲಿ ಹಲವಕ್ಕೆ ಕಿಟಕಿಯುಳ್ಳ ಮನೆ, ನೀರು, ಆಹಾರ, ಹತ್ತಿರದ ಚಿಕಿತ್ಸಾಲಯ ಬೇಕಾಗುತ್ತವೆ. ಅವಿಲ್ಲದವರಿಗೆ ನಡವಳಿಕೆಯನ್ನು ಮಾತ್ರ ಬೋಧಿಸುವುದು 1918ರ ಮುಂಬಯಿಯ ತಪ್ಪನ್ನು ಮತ್ತೆ ಮಾಡಿದಂತೆ.

ಹೊರನಾಡಿನ ಕನ್ನಡ ಸಂಶೋಧಕರಿಗೆ ಇಲ್ಲಿ ಮಾಡಬೇಕಾದ ಕೆಲಸ ಸಾಕಷ್ಟಿದೆ. ಮುಂಬಯಿಯ ಚಾಳುಗಳಲ್ಲಿ, ಹೋಟೆಲುಗಳಲ್ಲಿ ದುಡಿದ ಹಿರಿಯ ತಲೆಮಾರಿನವರ ನೆನಪುಗಳನ್ನು ದಾಖಲಿಸುವುದು, ಚೆನ್ನೈ ಮತ್ತು ಪುಣೆಗಳ ಪತ್ರಾಗಾರಗಳಲ್ಲಿ ಕನ್ನಡ ಜಿಲ್ಲೆಗಳಿಗೆ ಸಂಬಂಧಿಸಿದ ಆರೋಗ್ಯ ವರದಿಗಳನ್ನು ಪಟ್ಟಿ ಮಾಡುವುದು, ಕುಟುಂಬಗಳಲ್ಲಿ ಉಳಿದಿರುವ ಹಳೆಯ ಕಾಗದಪತ್ರಗಳಲ್ಲಿ ಕೆಮ್ಮು, ಜ್ವರ, ದೂರವಿರಿಸುವಿಕೆಗಳ ಉಲ್ಲೇಖಗಳನ್ನು ಸಂಗ್ರಹಿಸುವುದು ಅವುಗಳಲ್ಲಿ ಕೆಲವು. ಬೇರೆ ತಟ್ಟೆಯಲ್ಲಿ ಉಂಡವರ ಮಾತು ವೈದ್ಯಕೀಯ ವರದಿಗಳಲ್ಲಿ ಸಿಗುವುದಿಲ್ಲ; ಅದು ದೊರೆಯುವುದು ಮನೆಯ ನೆನಪುಗಳಲ್ಲಿ. ಆ ತಲೆಮಾರು ಇರುವಾಗಲೇ ಈ ಕೆಲಸ ನಡೆಯಬೇಕಾಗಿದೆ.